ರೂಟರ್ ಸತ್ತಿದ್ರೂ ಕಂಪ್ಲೇಂಟ್ ಮಾತ್ರ ಕ್ಲೋಸ್

ಮಾನ್ಯ ಸಂಪಾದಕರೇ,

ವಾಚಕರ ಪತ್ರಗಳಲ್ಲಿ ರಸ್ತೆ ಗುಂಡಿ, ಕುಡಿಯೋ ನೀರು, ಬೀದಿ ನಾಯಿ, ಸ್ಟಾಪಲ್ಲಿ ನಿಲ್ಲಿಸದೇ ಹೋಗೋ ಬಸ್ಸು, ಇದೆಲ್ಲಾ ಬರ್ತಾನೇ ಇರತ್ತೆ, ಮನೆ ಇಂಟರ್ನೆಟ್ ಬಗ್ಗೆ ಮಾತ್ರ ಅಪರೂಪ. ನಂಗನ್ಸೋದು, ಪೇಪರ್‌ಗೆ ಬರೆಯೋಷ್ಟು ಸಿಟ್ಟು ಬರೋ ಹೊತ್ತಿಗೆ ಕಸ್ಟಮರ್ ಕೇರ್ ಜೊತೆ ಕಿರುಚಾಡಿ ಜನರ ಗಂಟಲು ಒಣಗಿರತ್ತೆ. ನಂದೂ ಒಣಗಿದೆ, ಆದ್ರೂ ಬರೀತಿದೀನಿ, ಯಾಕಂದ್ರೆ ನಮ್ಮ ಬೀದೀಲಿ ನಾಲ್ಕು ಜನರನ್ನ ಕೇಳಿದ್ರೆ ನಾಲ್ಕೂ ಜನ ಇದೇ ಕಥೆ ಹೇಳ್ತಾರೆ. ಕೆಟ್ಟ ರೂಟರ್ ಸರಿ ಮಾಡೋಕೆ ಖರ್ಚು ಮಾಡದ ತಲೆಯನ್ನ, ಅದು ಕೆಟ್ಟಿದೆ ಅನ್ನೋ ಕಂಪ್ಲೇಂಟ್ ಮುಚ್ಚೋದಕ್ಕೆ ಖರ್ಚು ಮಾಡ್ತಿದಾರೆ. ಸರ್ಕಾರದ ನಿಯಮ ಚೆನ್ನಾಗೇ ಇದೆ, ಆದ್ರೆ ಈ ಮುಚ್ಚೋ ಚಾಳಿ ಇರೋ ತನಕ ಆ ನಿಯಮದಿಂದ ನಮಗೆ ಮೂರು ಕಾಸಿನ ಉಪಯೋಗ ಇಲ್ಲ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡೋಳು. ಗಾಂಧಿ ಬಜಾರಿನ ಒಂದಷ್ಟು ಅಂಗಡಿ, ಎರಡು ಅಡಿಕೆ ಮಂಡಿ, ಒಂದು ಹಾರ್ಡ್‌ವೇರ್ ಅಂಗಡಿ, ಇವರ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್ಲು ಎಲ್ಲಾ ನಮ್ಮನೆ ಊಟದ ಟೇಬಲ್ ಮೇಲೇ ಆಗೋದು. ಈ ಕೆಲಸ ಗೊತ್ತಿರೋರಿಗೆ ಗೊತ್ತು, ತಿಂಗಳಿಗೆ ಎರಡು ತಾರೀಖು ಜೀವ ಕೈಯಲ್ಲಿ ಹಿಡ್ಕೊಂಡಿರ್ಬೇಕು, 11ಕ್ಕೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟೋ ರಿಟರ್ನ್ 3ಬಿ. 3ಬಿ ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರನೇ ಇಲ್ದಿರೋ ನಿಲ್ ರಿಟರ್ನ್ ಆದ್ರೂ ದಿನಕ್ಕೆ 20, ತೆರಿಗೆ ಬಾಕಿ ಇದ್ರೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಬೇರೆ. ಅಂಗಡಿಯವರು ಇದನ್ನ ನನ್ನ ಫೀಸಲ್ಲೇ ಹಿಡೀತಾರೆ, ನ್ಯಾಯನೇ ಬಿಡಿ. ಇನ್ನು ಇ-ವೇ ಬಿಲ್ಲು, ಮಾಲು 50 ಸಾವಿರ ದಾಟಿದ್ರೆ ಅದಿಲ್ದೇ ಲಾರಿ ಮಂಡಿ ಬಿಟ್ಟು ಹೊರಡೋ ಹಾಗಿಲ್ಲ, ಲೋಡಾಗಿರೋ ಲಾರಿ ಡ್ರೈವರ್ರು ಬೀಡಿ ಸೇದ್ತಾ ನಿಂತಿರ್ತಾನೆ, ಮಂಡಿಯವರು ಐದೈದು ನಿಮಿಷಕ್ಕೆ ಫೋನ್ ಮಾಡ್ತಿರ್ತಾರೆ, ಇಲ್ಲಿ ನಮ್ಮನೆ ರೂಟರ್ ಬಾಕ್ಸು ಕಣ್ಣು ಮುಚ್ಚಿ ಕೂತಿರತ್ತೆ.

ರೋಗ ಏನು ಅಂತ ಹೇಳ್ಬಿಡ್ತೀನಿ. ಇದ್ದಕ್ಕಿದ್ದ ಹಾಗೆ ಬಾಕ್ಸಿನ ಎಲ್ಲಾ ಲೈಟೂ ಒಟ್ಟಿಗೆ ಆರಿಹೋಗತ್ತೆ, ಪವರ್ ಲೈಟೂ ಸೇರಿ, ಆಮೇಲೆ ಒಂದೊಂದೇ ಹತ್ಕೊಂಡು, ಫೈಬರ್ ಲೈನ್ ಸಿಕ್ತು ಅಂತ ತೋರ್ಸೋ ಪಾನ್ ಲೈಟ್ ಮಿಣಮಿಣ ಅಂದು, ನಿಂತು, ನೆಟ್ ಬರೋ ಹೊತ್ತಿಗೆ ನಾಲ್ಕೈದು ನಿಮಿಷ. ಸ್ವಲ್ಪ ಹೊತ್ತಲ್ಲಿ ಮತ್ತೆ ಅದೇ. ಮಧ್ಯಾಹ್ನದ ಸೆಕೆಗೆ ಜಾಸ್ತಿ, ರಾತ್ರಿ ಕಮ್ಮಿ. ಕರೆಂಟ್ ಹೋಗಿಲ್ಲ, ಪಕ್ಕದ ಫ್ಯಾನ್ ತಿರುಗ್ತಾನೇ ಇರತ್ತೆ. ಬಾಕ್ಸ್ ಮುಟ್ಟಿದ್ರೆ ಇಸ್ತ್ರಿ ಪೆಟ್ಟಿಗೆ ಬಿಸಿ. ನಾನೇನು ಇಂಜಿನಿಯರ್ ಅಲ್ಲ, ಆದ್ರೆ ಇಷ್ಟು ದಿನ ಒದ್ದಾಡಿ ಕಲ್ತಿದೀನಿ: ಹೊರಗಡೆ ಫೈಬರ್ ಕಟ್ಟಾಗಿದ್ರೆ ಲಾಸ್ ಅನ್ನೋ ಲೈಟು ಕೆಂಪಗೆ ಮಿಟುಕತ್ತೆ, ಪವರ್ ಲೈಟ್ ಆರಲ್ಲ. ಪವರ್ ಲೈಟೇ ಆರಿ ಹತ್ಕೊಂಡ್ರೆ ರೋಗ ಬಾಕ್ಸಲ್ಲೋ ಅದರ 12 ವೋಲ್ಟಿನ ಅಡಾಪ್ಟರಲ್ಲೋ ಇರತ್ತೆ, ರಸ್ತೆ ಕಂಬದಲ್ಲಲ್ಲ. ಬ್ರೌಸರಲ್ಲಿ 192.168.1.1 ಹೊಡೆದ್ರೆ ನಮ್ಮ ಬಾಕ್ಸಿನ ಪೇಜು ತೆರ್ಕೊಳತ್ತೆ, ಎಷ್ಟು ಹೊತ್ತಿಂದ ಆನ್ ಇದೆ ಅಂತ ಅದೇ ತೋರ್ಸತ್ತೆ. ದಿನವಿಡೀ ಸ್ವಿಚ್ ಮುಟ್ಟದೇ ಇದ್ರೂ ಅದು 11 ನಿಮಿಷ, 7 ನಿಮಿಷ ಅಂತಿರತ್ತೆ. ಇದರ ಫೋಟೋ ಎಷ್ಟು ಕಳ್ಸಿದ್ರೂ ಅವರಿಗೆ ಬೇಡ. ಹಾಗ್ ನೋಡಿದ್ರೆ ಇದನ್ನ ನಾನು ಕಳಿಸ್ಬೇಕಾಗೇ ಇಲ್ಲ, ತಮ್ಮ ಬಾಕ್ಸ್ ಆನ್ ಇದ್ಯಾ ಆಫ್ ಇದ್ಯಾ, ಫೈಬರಲ್ಲಿ ಬೆಳಕು ಎಷ್ಟು ಬರ್ತಿದೆ ಅಂತ ಕಂಪನಿಯವರಿಗೆ ಅಲ್ಲೇ ಕೂತು ಕಾಣತ್ತೆ, ಬೇಕಂದ್ರೆ ಅಲ್ಲಿಂದಲೇ ರೀಸ್ಟಾರ್ಟ್ ಕೂಡ ಮಾಡ್ತಾರೆ.

ಕಂಪ್ಲೇಂಟ್ ಕೊಟ್ರೆ ಮೊದಲು ಆಗೋದು ಗೊತ್ತೇ ಇದೆಯಲ್ಲ, ಆಫ್ ಮಾಡಿ ಆನ್ ಮಾಡಿ. ತಾನಾಗೇ ಆಫ್ ಆಗಿ ಆನ್ ಆಗ್ತಿರೋದೇ ಕಂಪ್ಲೇಂಟ್ ಕಣಪ್ಪಾ ಅಂದ್ರೂ ಇನ್ನೊಂದ್ಸಲ ಮಾಡಿ ಮೇಡಂ ಅಂತಾರೆ. ಕನ್ನಡಕ್ಕೆ ಈ ಬಟನ್ ಒತ್ತಿ ಅಂತ ರೆಕಾರ್ಡಿಂಗ್ ಸೊಗಸಾಗಿ ಹೇಳತ್ತೆ, ಒತ್ತಿ ಕಾದ್ರೆ ಆ ಕಡೆಯಿಂದ ಹಿಂದಿ. ನಮ್ಮತ್ತೆ ಒಂದಿನ ನಾನಿಲ್ದಾಗ ಫೋನ್ ಮಾಡಿ, ಪಾಪ, ಆ ಹುಡುಗಿ ಏನು ಕೇಳ್ತಿದಾಳೆ ಅಂತ ಗೊತ್ತಾಗದೇ ಎಲ್ಲದಕ್ಕೂ ಹೂಂ ಹೂಂ ಅಂದಿದಾರೆ, ಸಂಜೆ ಬಂದು ನೋಡಿದ್ರೆ ಕಂಪ್ಲೇಂಟ್ ಕ್ಲೋಸ್, ಜೊತೆಗೆ ಪ್ಲ್ಯಾನ್ ಅಪ್‌ಗ್ರೇಡ್ ಮಾಡಿ ಅಂತ ಮೆಸೇಜು. ಆ್ಯಪಲ್ಲಿರೋ ಚಾಟ್ ಅಂತೂ ನಾವು ಏನು ಬರೆದ್ರೂ ನಿಮ್ಮ ಏರಿಯಾದಲ್ಲಿ ಯಾವುದೇ ತೊಂದರೆ ಇಲ್ಲ ಅಂತ ಒಂದೇ ಮಾತು.

ಕಷ್ಟಪಟ್ಟು ಒಬ್ಬ ಟೆಕ್ನಿಷಿಯನ್ ಹುಡುಗ ಬಂದ. ಒಳ್ಳೇ ಹುಡುಗ, ಅವನ ಮೇಲೆ ನಂಗೆ ಸಿಟ್ಟಿಲ್ಲ, ಕಂಪನಿಯ ನೇರ ಕೆಲಸದವನೂ ಅಲ್ಲ, ಲೋಕಲ್ ಫ್ರಾಂಚೈಸಿಯವನು, ಬೈಕಿಗೆ ಏಣಿ ಕಟ್ಕೊಂಡು ಅರ್ಧ ಊರು ಸುತ್ತೋನು. ಬಂದವನೇ ಬಾಕ್ಸಿಂದ ಹಳದಿ ಫೈಬರ್ ವೈರ್ ಬಿಚ್ಚಿ ಬೆಳಕು ಅಳೆಯೋ ಪವರ್ ಮೀಟರಿಗೆ ಚುಚ್ಚಿದ, ಮೈನಸ್ 19 ಬಂತು. ನಂಗೆ ತೋರ್ಸಿ, ಅಕ್ಕಾ ಲೈನ್ ಬಂಗಾರದ ಹಂಗಿದೆ, ಮೈನಸ್ 27ರ ಹತ್ತಿರ ಹೋದ್ರೆ ಮಾತ್ರ ತೊಂದ್ರೆ ಅಂದ. ಹಂಗಾದ್ರೆ ಬಾಕ್ಸೇ ಕೆಟ್ಟಿರೋದಲ್ವಾ ಅಂದೆ. ಅತ್ತಿತ್ತ ನೋಡಿ, ಹೌದಕ್ಕಾ, ಆದ್ರೆ ಸ್ಟಾಕ್ ಇಲ್ಲ, ಬಾಕ್ಸ್ ಕೇಳಿದ್ರೆ ಓನರ್ ಬೈತಾರೆ ಅಂದ. ಅಂದವನು ಸುಮ್ನೆ ಹೋಗ್ಲಿಲ್ಲ, ಏನಾದ್ರೂ ಮಾಡ್ದಂಗೆ ಕಾಣ್ಬೇಕಲ್ಲ, ಹೊರಗೆ ಹೋಗಿ ಸಜ್ಜಾ ಕೆಳಗಿನ ವೈರ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ. ಅಷ್ಟೊತ್ತು ಬಾಕ್ಸು ಬೇರೆ ಗುಂಡುಕಲ್ಲಿನ ಹಾಗೆ ಓಡ್ತಾ ಇತ್ತು, ಡಾಕ್ಟರ್ ಮುಂದೆ ಜ್ವರ ಬಿಡೋದು ಅಂದ್ರೆ ಇದೇ ಇರ್ಬೇಕು. ಈಗ ಬರ್ತಿದ್ಯಲ್ಲ ಅಕ್ಕಾ, ಒಟಿಪಿ ಹೇಳಿ ಅಂದ.

ಈ ಒಟಿಪಿ ಹತ್ರ ಸ್ವಲ್ಪ ನಿಲ್ತೀನಿ, ಎಲ್ಲಾ ಗುಟ್ಟು ಇರೋದೇ ಇಲ್ಲಿ. ಕಂಪ್ಲೇಂಟ್ ಮುಚ್ಚೋಕೆ ನಮ್ಮ ಮೊಬೈಲಿಗೆ ಒಂದು ನಂಬರ್ ಬರತ್ತೆ, ಅದನ್ನ ನಾವು ಕೊಟ್ರೆ ರಿಪೇರಿ ಆಯ್ತು ಅಂತ ನಾವೇ ಸಹಿ ಹಾಕ್ದಂಗೆ. ಲೆಕ್ಕಕ್ಕೆ ಗ್ರಾಹಕರ ಕೈಯಲ್ಲಿ ಲಗಾಮು ಕೊಟ್ಟಿರೋ ವ್ಯವಸ್ಥೆ, ಸರಿಯಾಗೇ ಇದೆ. ಆದ್ರೆ ಬಿಸಿಲಲ್ಲಿ ಬಂದಿರೋ ಹುಡುಗ ಮುಂದೆ ನಿಂತು, ಅಕ್ಕಾ ಕ್ಲೋಸ್ ಮಾಡದಿದ್ರೆ ಇವತ್ತಿನ ಕಾಲ್ ದುಡ್ಡು ನಂಗೆ ಸಿಗಲ್ಲ, ಮತ್ತೆ ಬಂದ್ರೆ ಹೊಸ ಕಂಪ್ಲೇಂಟ್ ಹಾಕಿ ನಾನೇ ಬರ್ತೀನಿ ಅಂದ್ರೆ ಯಾರು ತಾನೇ ಇಲ್ಲ ಅಂತಾರೆ? ಅವನು ಗೇಟ್ ದಾಟೋದ್ರೊಳಗೆ ನಿಮ್ಮ ದೂರು ಯಶಸ್ವಿಯಾಗಿ ಬಗೆಹರಿದಿದೆ ಅಂತ ಎಸ್ಎಂಎಸ್ಸು, 5 ಸ್ಟಾರ್ ಕೊಡಿ ಅಂತ ಇನ್ನೊಂದು. ಅರ್ಧ ಗಂಟೆಗೆ ಬಾಕ್ಸ್ ಮತ್ತೆ ಮಲಗತ್ತೆ. ಮತ್ತೆ ಫೋನ್ ಮಾಡಿದ್ರೆ ಹಳೇದು ಕ್ಲೋಸ್ ಆಗಿದೆ ಮೇಡಂ, ಹೊಸ ನಂಬರ್ ತಗೊಳ್ಳಿ. ನಾನು ಒಂದ್ಸಲ ಒಟಿಪಿ ಕೊಡಲ್ಲ ಅಂತ ಹಠ ಹಿಡಿದು ಕೂತೆ, ರಾತ್ರಿ ಅದು ತಾನಾಗೇ ಕ್ಲೋಸ್ ಆಯ್ತು, ಕಾರಣ ಏನು ಅಂದ್ರೆ ಗ್ರಾಹಕರು ಮನೆಯಲ್ಲಿ ಇರಲಿಲ್ಲ. ಮನೆಯಲ್ಲೇ ಕೆಲಸ ಮಾಡೋ ನನ್ನನ್ನ!

ಈಗ ನಿಯಮದ ಮಾತಿಗೆ ಬರ್ತೀನಿ. ಟ್ರಾಯ್ ಅಂತ ಇದೆಯಲ್ಲ, 1997ರ ಕಾಯ್ದೆಯಿಂದ ಆಗಿರೋ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅದು 2006ರಲ್ಲೇ ಬ್ರಾಡ್‌ಬ್ಯಾಂಡ್ ಸೇವೆಗೆ ಗುಣಮಟ್ಟದ ನಿಯಮ ಮಾಡಿತ್ತು, ಕೆಟ್ಟಿದ್ದು 3 ಕೆಲಸದ ದಿನದೊಳಗೆ ಸರಿ ಆಗದಿದ್ರೆ ಬಾಡಿಗೆಯಲ್ಲಿ ಕಡಿತ ಕೊಡ್ಬೇಕು, ತಡ ಜಾಸ್ತಿ ಆದ ಹಾಗೆ ಕಡಿತನೂ ಜಾಸ್ತಿ ಅಂತ ಅದರಲ್ಲೇ ಇತ್ತು. ಆಮೇಲೆ 2024ರಲ್ಲಿ ಹಳೇ ನಿಯಮಗಳನ್ನೆಲ್ಲಾ ಸೇರ್ಸಿ ಹೊಸದು ತಂದ್ರು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿ, ಅದರಲ್ಲೂ 3 ದಿನ ದಾಟಿದ್ರೆ ಗ್ರಾಹಕರಿಗೆ ಪರಿಹಾರ ಅನ್ನೋದು ಇದೆ. ಓದೋಕೆ ಎಷ್ಟು ಚಂದ. ಆದ್ರೆ 3 ದಿನ ಅನ್ನೋ ಲೆಕ್ಕ ಶುರುವಾಗೋದು ಕಂಪ್ಲೇಂಟ್ ನಂಬರಿಂದ, ನಿಲ್ಲೋದು ಕ್ಲೋಸ್ ಆದಾಗ. ಬೆಳಿಗ್ಗೆ ಕೊಟ್ಟಿದ್ದನ್ನ ಸಂಜೆ ಮುಚ್ಚಿ, ನಾಳೆ ಹೊಸ ನಂಬರ್ ಕೊಟ್ಟು ಮತ್ತೆ ಸಂಜೆ ಮುಚ್ತಾ ಹೋದ್ರೆ 3ನೇ ದಿನ ಅನ್ನೋದು ಯಾವತ್ತೂ ಬರೋದೇ ಇಲ್ಲ! ನಮ್ಮನೆ ನೆಟ್ ತಿಂಗಳುಗಟ್ಟಲೆ ನರಳ್ತಿದ್ರೂ ಕಂಪನಿ ದಾಖಲೆ ತೆಗೆದು ನೋಡಿದ್ರೆ ಪ್ರತಿ ಕಂಪ್ಲೇಂಟೂ ಅದೇ ದಿನ ಬಗೆಹರಿದಿರತ್ತೆ, ಅಪರೂಪಕ್ಕೆ ಮಾರನೇ ದಿನ. ಲೆಕ್ಕ ಬರೆಯೋಳು ನಾನು, ನಂಗೆ ಇದನ್ನ ನೋಡಿ ಒಂಥರಾ ಮೆಚ್ಚುಗೆನೂ ಆಯ್ತು, ಇಷ್ಟು ನೀಟಾಗಿ ಬುಕ್ಸ್ ಅಡ್ಜಸ್ಟ್ ಮಾಡೋರನ್ನ ಗಾಂಧಿ ಬಜಾರಲ್ಲೂ ನೋಡಿಲ್ಲ. ಪರಿಹಾರ ಕೇಳಿದ್ದಕ್ಕೆ ಬಂದ ಉತ್ತರ, ನಿಮ್ಮ ಯಾವ ಕಂಪ್ಲೇಂಟೂ ಪೆಂಡಿಂಗ್ ಇಲ್ಲ ಮೇಡಂ. ನೆಟ್ ಇಲ್ಲದ ದಿನಗಳಿಗೂ ಸೇರಿ ಪೂರ್ತಿ ಬಿಲ್ಲು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಕೊನೆಗೆ ಬಾಕ್ಸ್ ಬದಲಾಯಿಸಿ ಕೊಟ್ರು ಅನ್ನಿ, ಅದು ಇನ್ನೊಂದು ಕಥೆ. ಕವರ್ ಇಲ್ಲ, ಡಬ್ಬ ಇಲ್ಲ, ಪ್ಲಾಸ್ಟಿಕ್ ಕೈಚೀಲದಲ್ಲಿ ತಂದ. ಒಂದು ಆಂಟೆನಾ ಕತ್ತು ಮುರಿದು ಸೆಲೋಟೇಪ್ ಸುತ್ತಿತ್ತು, ಹಿಂದುಗಡೆ ಯಾರೋ ಸ್ಕೆಚ್ ಪೆನ್ನಲ್ಲಿ ವೈಫೈ ಪಾಸ್‌ವರ್ಡ್ ಬರೆದು ಅಂಟಿಸಿದ್ದು ಹಂಗೇ ಇತ್ತು, ಗಾಳಿ ಹೋಗೋ ತೂತುಗಳಲ್ಲಿ ಅಗರಬತ್ತಿ ಬೂದಿ, ದೇವರ ಮನೆ ಪಕ್ಕ ಇಟ್ಟಿದ್ರು ಅನ್ಸತ್ತೆ. ಆನ್ ಮಾಡಿದ್ರೆ ನಮ್ಮನೇಲಿ ಇನ್ನೊಂದು ಮನೆಯ ಹೆಸರಿನ ವೈಫೈ ಬಂತು! ರೀಸೆಟ್ ಕೂಡ ಮಾಡದೇ ತಂದಿದ್ರು. ನಮ್ಮನೆಯಿಂದ ತಗೊಂಡು ಹೋದ ಹಳೇ ಬಾಕ್ಸೂ ಹೀಗೇ ನಮ್ಮ ಹೆಸರು, ನಮ್ಮ ಪಾಸ್‌ವರ್ಡ್ ಸಮೇತ ಯಾವ ಮನೆಗೆ ಹೋಗಿ ಕೂತಿದೆಯೋ, ಯಾರಿಗೆ ಆಫ್ ಮಾಡಿ ಆನ್ ಮಾಡಿ ಅಂತ ಹೇಳ್ತಿದಾರೋ. ಒಂದು ಮನೇಲಿ ಕೆಟ್ಟಿದ್ದನ್ನ ಇನ್ನೊಂದು ಮನೆಗೆ ಹಾಕೋದು ರಿಪೇರಿ ಅಲ್ಲ, ಬಾಕ್ಸಿಗೆ ಊರು ತೋರ್ಸೋದು. ಈ ಎರಡನೇದು ನಾಲ್ಕು ದಿನ ಚೆನ್ನಾಗಿತ್ತು, ಈಗ ಅದಕ್ಕೂ ಅದೇ ರೋಗ.

ಹಾಗಂತ ನಾವೇ ಒಳ್ಳೇದೊಂದು ತಂದು ಹಾಕ್ಕೊಳ್ಳೋಣ ಅಂದ್ರೆ ಆಗಲ್ಲ. ಬಾಕ್ಸಿನ ಸೀರಿಯಲ್ ನಂಬರ್ ಅವರ ಕಡೆ ರಿಜಿಸ್ಟರ್ ಆದ್ರೆ ಮಾತ್ರ ಫೈಬರ್ ಲೈನ್ ಅದನ್ನ ಒಪ್ಪೋದು, ಹೊರಗಿನ ಬಾಕ್ಸ್ ನಾವು ರಿಜಿಸ್ಟರ್ ಮಾಡಲ್ಲ ಅಂತಾರೆ. ಕೇಳಿದ್ರೆ ಬಾಕ್ಸ್ ಕಂಪನಿ ಆಸ್ತಿ ಅಂತೆ, ಡಿಪಾಸಿಟ್ಟೂ ಇಸ್ಕೊಂಡಿದಾರೆ. ಸರಿ ಸ್ವಾಮಿ, ಆಸ್ತಿ ನಿಮ್ದಾದ್ರೆ ಕೆಟ್ಟಾಗ ನೋಡ್ಕೊಳ್ಳೋದೂ ನಿಮ್ದೇ ಅಲ್ವಾ? ಆಗ ಮಾತ್ರ, ನಿಮ್ಮನೆ ಗೋಡೆ ದಪ್ಪ, ನಿಮ್ಮನೆ ಕರೆಂಟ್ ಫ್ಲಕ್ಚುಯೇಷನ್, ನೀವು ಮೊಬೈಲ್ ಜಾಸ್ತಿ ಕನೆಕ್ಟ್ ಮಾಡಿದೀರಿ. ಕರೆಂಟ್ ಮಾತಲ್ಲಿ ಸ್ವಲ್ಪ ಸತ್ಯ ಇದೆ, ಮಳೆಗಾಲದಲ್ಲಿ ನಮ್ಮ ಮಲೆನಾಡಲ್ಲಿ ವೋಲ್ಟೇಜ್ ಕುಣಿಯತ್ತೆ, ಹಿಂದೆ ತಾಮ್ರದ ವೈರಿನ ಫೋನ್ ಇದ್ದಾಗ ಗುಡುಗು ಕೇಳಿದ ತಕ್ಷಣ ಓಡಿ ಹೋಗಿ ಮೋಡೆಮ್ ವೈರ್ ಕೀಳ್ತಿದ್ವಿ, ಇಲ್ದಿದ್ರೆ ಸಿಡಿಲಿಗೆ ಸುಟ್ಟೇ ಹೋಗ್ತಿತ್ತು. ಫೈಬರಲ್ಲಿ ಓಡೋದು ಬೆಳಕು, ಅದರಿಂದ ಸಿಡಿಲು ಬರಲ್ಲ, ಆದ್ರೆ ಕರೆಂಟ್ ಪ್ಲಗ್ಗಿಂದ ಬರ್ಬಹುದು, ಅದಕ್ಕೇ ನಾನು ಮಿನಿ ಯುಪಿಎಸ್ ಕೂಡ ತಂದು ಹಾಕಿದೀನಿ, ಸ್ವಂತ ದುಡ್ಡಲ್ಲಿ. ಮತ್ತೂ ಆರತ್ತೆ ಅಂದ್ರೆ ಈಗ ಯಾರ ಮೇಲೆ ಹಾಕ್ತಾರೆ ನೋಡೋಣ.

ಇನ್ನೊಂದು ಮೋಸ, ಜನಕ್ಕೆ ಅಷ್ಟು ಗೊತ್ತಿಲ್ಲ. 200 ಎಂಬಿಪಿಎಸ್, 300 ಎಂಬಿಪಿಎಸ್ ಅಂತ ಪ್ಲ್ಯಾನ್ ಮಾರಿ ಮನೆಗೆ ಕೊಡೋ ಬಾಕ್ಸ್ 2.4 ಗಿಗಾಹರ್ಟ್ಜ್ ಒಂದೇ ಬ್ಯಾಂಡಿಂದು. ಆ ಬ್ಯಾಂಡು ಗೋಡೆ ದಾಟೋದ್ರಲ್ಲಿ ಗಟ್ಟಿಗ, ಆದ್ರೆ ಅಕ್ಕಪಕ್ಕದ ಎಲ್ಲರ ವೈಫೈ, ಬ್ಲೂಟೂತು, ಮೈಕ್ರೋವೇವ್ ಒಲೆ ಎಲ್ಲಾ ಅದರಲ್ಲೇ ನುಗ್ಗಾಡೋದು, ಆ ಸ್ಪೀಡು ಅದರಲ್ಲಿ ಕೈಗೆ ಸಿಗಲ್ಲ. 5 ಗಿಗಾಹರ್ಟ್ಜ್ ಇರೋ ಬಾಕ್ಸಲ್ಲಿ ಅದೇ ರೂಮಲ್ಲಿ ಕೂತ್ರೆ ಸಿಗತ್ತೆ, ಎರಡು ಗೋಡೆ ದಾಟಿದ್ರೆ ಅದೂ ಸೊರಗತ್ತೆ. ಪ್ಲ್ಯಾನ್ ಮಾರುವಾಗ ಇದನ್ನ ಹೇಳಲ್ಲ, ಸ್ಪೀಡ್ ಇಲ್ಲ ಅಂತ ಫೋನ್ ಮಾಡಿದ್ರೆ ಇನ್ನೂ ದೊಡ್ಡ ಪ್ಲ್ಯಾನ್ ತಗೊಳ್ಳಿ ಅಂತಾರೆ.

ಬೇರೆ ಕಂಪನಿಗೆ ಹೋಗಿ ಅಂತ ನೀವು ಹೇಳ್ಬಹುದು. ಮೊಬೈಲಲ್ಲಾದ್ರೆ 2011ರಿಂದ ದೇಶಾದ್ಯಂತ ನಂಬರ್ ಪೋರ್ಟ್ ಮಾಡೋ ಸೌಲಭ್ಯ ಇದೆ, ಆ ಹೆದರಿಕೆಗಾದ್ರೂ ಸ್ವಲ್ಪ ಮರ್ಯಾದೆ ಕೊಡ್ತಾರೆ. ಇಲ್ಲಿ ನಮ್ಮ ಅಡ್ಡರಸ್ತೆ ಕಂಬದ ಮೇಲೆ ಬಂದಿರೋದೇ ಇವರ ಫೈಬರ್, ಇನ್ನೊಬ್ಬರನ್ನ ಕೇಳಿದ್ರೆ ನಿಮ್ಮ ಲೈನಲ್ಲಿ ಫೀಸಿಬಿಲಿಟಿ ಇಲ್ಲ ಅಂದ್ರು. ಮೇಲಾಗಿ ಆಫರ್ ಅಂತ ವರ್ಷದ ದುಡ್ಡು ಮುಂಚೆನೇ ಕಟ್ಟಿರ್ತೀವಿ. ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡೇ ಈಗ 3ಬಿ ಕಳಿಸ್ತಿರೋದು ಕೂಡ, ಹಂಗಾದ್ರೆ ಇವರಿಗೆ ದುಡ್ಡು ಕಟ್ಟಿರೋದು ಯಾಕೆ ಅಂತ ನಮ್ಮನೆಯವರು ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಓದುಗರಿಗೆ ಉಪಯೋಗ ಆಗ್ಲಿ ಅಂತ ತಿಳ್ಕೊಂಡಿದ್ದು ಹೇಳ್ತೀನಿ. ಬರೀ ಫೋನಲ್ಲಿ ಜಗಳ ಆಡ್ಬೇಡಿ, ಕಂಪ್ಲೇಂಟ್ ಕೊಟ್ಟಾಗ ಬರೋ ಡಾಕೆಟ್ ನಂಬರಿನ ಎಸ್ಎಂಎಸ್ ಅಳಿಸ್ಬೇಡಿ, ಎಲ್ಲಾ ನಂಬರ್ ಒಂದು ಕಡೆ ತಾರೀಖು ಸಮೇತ ಬರೆದಿಡಿ, ಬಾಕ್ಸ್ ಲೈಟಿನ ವಿಡಿಯೋ ಮಾಡಿಡಿ. ಒಂದ್ಸಲ ಲ್ಯಾಪ್‌ಟಾಪಿಗೆ ಬಾಕ್ಸಿಂದ ನೇರ ವೈರ್ ಹಾಕಿ ನೋಡಿ, ವೈರಲ್ಲಿ ಚೆನ್ನಾಗಿ ಬಂದು ವೈಫೈಲಿ ಬರದಿದ್ರೆ ತೊಂದರೆ ವೈಫೈದು, ಎರಡರಲ್ಲೂ ಬರದಿದ್ರೆ ಬಾಕ್ಸಿಂದೋ ಲೈನಿಂದೋ. ದೂರು ಕೇಂದ್ರದಲ್ಲಿ ನ್ಯಾಯ ಸಿಗದಿದ್ರೆ ಕಂಪನೀಲೇ ಒಂದು ಮೇಲ್ಮನವಿ ಪ್ರಾಧಿಕಾರ ಇರಲೇಬೇಕು ಅಂತ 2012ರ ನಿಯಮ ಇದೆ, 30 ದಿನದೊಳಗೆ ಅಪೀಲು ಹಾಕ್ಬೇಕು, ದುಡ್ಡಿಲ್ಲ, 39 ದಿನದೊಳಗೆ ಅವರು ತೀರ್ಮಾನ ಕೊಡ್ಬೇಕು. ಈ ಅಪೀಲು ಅಧಿಕಾರಿ ವಿಳಾಸನ ಕಂಪನಿ ಆ್ಯಪಲ್ಲಿ ಹುಡುಕಿದ್ರೆ ಕಣ್ಣು ಹೋಗತ್ತೆ, ಟ್ರಾಯ್ ವೆಬ್‌ಸೈಟಲ್ಲೇ ಕಂಪನಿವಾರು ಪಟ್ಟಿ ಇದೆ. ಟ್ರಾಯ್‌ಗೇ ನೇರ ದೂರು ಕೊಡ್ತೀನಿ ಅಂತ ಹೋಗ್ಬೇಡಿ, ಒಬ್ಬೊಬ್ಬರ ದೂರು ಅವರು ತಗೊಳ್ಳಲ್ಲ. 1915 ಗ್ರಾಹಕ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡ್ಬಹುದು. ಅದೂ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದ ತನಕ ಫೀಸಿಲ್ಲ, ವಕೀಲರೂ ಕಡ್ಡಾಯ ಅಲ್ಲ. ಟೆಲಿಫೋನ್ ಜಗಳ ಗ್ರಾಹಕರ ಕೋರ್ಟಿಗೆ ಬರಲ್ಲ ಅಂತ 2009ರ ಒಂದು ತೀರ್ಪು ತೋರ್ಸಿ ಕಂಪನಿಗಳು ಜಾರ್ಕೊಳ್ತಿದ್ವು, 2022ರಲ್ಲಿ ಸುಪ್ರೀಂ ಕೋರ್ಟು, ಇಂಥ ಜಗಳನೂ ಅಲ್ಲಿಗೆ ಬರತ್ತೆ ಅಂತ ಸ್ಪಷ್ಟವಾಗಿ ಹೇಳಿ ಆ ಬಾಗಿಲು ತೆಗೆದಿದೆ. ನಾನು ಅಪೀಲು ಹಾಕಿ ಕಾಯ್ತಿದೀನಿ.

ಆದ್ರೆ ಎಷ್ಟು ಜನ ಇದನ್ನೆಲ್ಲಾ ಮಾಡೋಕಾಗತ್ತೆ? ಐನೂರು ಆರುನೂರು ರೂಪಾಯಿ ಬಿಲ್ಲಿಗೆ ಯಾರು ಕೋರ್ಟ್ ಮೆಟ್ಟಿಲು ಹತ್ತಾರೆ, ಹತ್ತಲ್ಲ ಅನ್ನೋ ಧೈರ್ಯದಲ್ಲೇ ಇವರೆಲ್ಲಾ ಇರೋದು. ಅದಕ್ಕೆ ಟ್ರಾಯ್‌ನವರು ದೊಡ್ಡದೇನೂ ಮಾಡೋದು ಬೇಡ, ಅದೇ ಮನೇಲಿ ಅದೇ ತೊಂದರೆ 15 ದಿನದೊಳಗೆ ಮತ್ತೆ ಬಂದ್ರೆ ಅದನ್ನ ಹೊಸ ಕಂಪ್ಲೇಂಟ್ ಅಂತ ಎಣಿಸಬಾರದು, ಹಳೇ ನಂಬರೇ ಮುಂದುವರೀಬೇಕು, 3 ದಿನದ ಲೆಕ್ಕನೂ ಅಲ್ಲಿಂದಲೇ ಓಡಬೇಕು. ಇಷ್ಟು ಮಾಡಿದ್ರೆ ನೋಡಿ, ಸ್ಟಾಕ್ ಇಲ್ಲದ ಬಾಕ್ಸು ಎಲ್ಲಿಂದಾದ್ರೂ ಬರತ್ತೆ. ಹಂಗೇ ಬಾಕ್ಸ್ ಹೊಸದಾ, ಇನ್ನೊಬ್ಬರ ಮನೆಯಿಂದ ತಂದಿದ್ದಾ ಅಂತ ಬರವಣಿಗೇಲಿ ಕೊಡೋ ಹಾಗೆ ಆಗ್ಬೇಕು. ಟೆಕ್ನಿಷಿಯನ್ ಹುಡುಗರಿಗೆ ಕ್ಲೋಸ್ ಮಾಡಿದ ಕಂಪ್ಲೇಂಟ್ ಲೆಕ್ಕದಲ್ಲಿ ದುಡ್ಡು ಕೊಡೋ ಪದ್ಧತಿ ಇರೋ ತನಕ ಅವರೂ ಒಟಿಪಿಗೆ ಕೈ ಚಾಚಲೇಬೇಕು, ಅದನ್ನ ಕಂಪನಿಗಳೇ ಯೋಚ್ನೆ ಮಾಡ್ಲಿ.

ನಮ್ಮ ಏರಿಯಾದ ಫ್ರಾಂಚೈಸಿಯವರು ದಿನಾ ಪೇಪರ್ ಓದ್ತಾರೆ ಅಂತ ಆ ಹುಡುಗನೇ ಹೇಳಿದಾನೆ, ಅವರಿಗೂ ಒಂದು ಮಾತು. 20ನೇ ತಾರೀಖಿನೊಳಗೆ ಡಬ್ಬ ಒಡೆಯದಿರೋ ಹೊಸ ಬಾಕ್ಸ್ ಕಳ್ಸಿ, ಬೆಳಿಗ್ಗೆಯಿಂದ ರಾತ್ರಿ ತನಕ ಮನೇಲೇ ಇರ್ತೀನಿ, ಹುಡುಗನಿಗೆ ಕಾಫಿನೂ ಕೊಡ್ತೀನಿ. ಒಟಿಪಿ ಮಾತ್ರ ಬಾಕ್ಸ್ ಎರಡು ದಿನ ನಿಲ್ಲದೇ ಓಡಿದ ಮೇಲೆ.

ಇತಿ,
ಒಬ್ಬ ಗ್ರಾಹಕಿ
ವಿನೋಬನಗರ, ಶಿವಮೊಗ್ಗ